ದೆವ್ವವನ್ನು ನಗೆಪಾಟಲು ಮಾಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ಹಾಸ್ಯ ಬೆರೆತ ದೆವ್ವದ ಸಿನಿಮಾ ಸೋತಾಗಲೆಲ್ಲ ವಿಮರ್ಶೆಗಳಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಕಾಣುತ್ತದೆ: 'ನಗಿಸಬೇಕೋ ಹೆದರಿಸಬೇಕೋ ನಿರ್ದೇಶಕರಿಗೇ ಗೊತ್ತಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು.' ಈ ಸಲಹೆಯನ್ನು ನಾವು ಒಪ್ಪುವುದಿಲ್ಲ. ಇಂಥ ಚಿತ್ರಗಳು ಕೆಡುವುದು ನಗು ಮತ್ತು ಭಯದ ಬೆಸುಗೆ ಬಿಟ್ಟ ಕಡೆ. ಆ ಜಾಗವನ್ನು ಬೆರಳಿಟ್ಟು ತೋರಿಸಲು ಬರುತ್ತದೆ.

ಹಾಸ್ಯ ಮತ್ತು ಭಯಾನಕ ಒಂದಕ್ಕೊಂದು ವಿರೋಧಿ ರಸಗಳೆಂದು ವಿಶ್ವನಾಥನ ಸಂಸ್ಕೃತ ಕಾವ್ಯಶಾಸ್ತ್ರ ಗ್ರಂಥ 'ಸಾಹಿತ್ಯದರ್ಪಣ' ಹೇಳುವುದು ನಿಜ. ಆದರೆ ಅವನಿಗಿಂತ ಬಹಳ ಹಿಂದೆಯೇ 'ನಾಟ್ಯಶಾಸ್ತ್ರ' ಹಾಸ್ಯರಸಕ್ಕೆ ಅಧಿದೇವತೆಗಳಾಗಿ ಹೆಸರಿಸಿದ್ದು ಪ್ರಮಥರನ್ನು, ಅಂದರೆ ಶಿವನ ಗಣಗಳನ್ನು. ಭೂತಗಣಕ್ಕೆ ನಗುವಿನ ಒಡೆತನ ಕೊಟ್ಟವರಿಗೆ ನಗುವಿಗೂ ಭಯಕ್ಕೂ ಇರುವ ನಂಟು ಗೊತ್ತಿದ್ದಿರಲೇಬೇಕು ಎನಿಸುತ್ತದೆ.

ಜೋಕಿಗೂ ಬೆಚ್ಚಿಬೀಳಿಸುವ ದೃಶ್ಯಕ್ಕೂ ಒಳಗಿನ ಕಟ್ಟು ಒಂದೇ: ನಿರೀಕ್ಷೆ ಹುಟ್ಟಿಸುವುದು, ತಡೆಹಿಡಿಯುವುದು, ಅಂದುಕೊಂಡಿರದ ಕಡೆಯಿಂದ ಒಡೆಯುವುದು. ಒಡೆದ ಮೇಲೆ ಪ್ರೇಕ್ಷಕನಿಗೆ 'ಯಾರಿಗೂ ಏನೂ ಆಗಲಿಲ್ಲ' ಅನ್ನಿಸಿದರೆ ನಗು, 'ಆಗಿಯೇಹೋಯಿತು' ಅನ್ನಿಸಿದರೆ ಭಯ. 1942ರ 'ಕ್ಯಾಟ್ ಪೀಪಲ್' ಚಿತ್ರದಲ್ಲಿ ರಾತ್ರಿ ಒಂಟಿಯಾಗಿ ನಡೆಯುವ ಹೆಣ್ಣಿನ ಹಿಂದೆ ಏನೋ ಬರುತ್ತಿದೆ ಎಂದು ಉಸಿರು ಬಿಗಿಹಿಡಿದಾಗ ಬುಸ್ಸೆಂದು ನುಗ್ಗುವುದು ಬಸ್ಸು. ಇಂಥ ಹುಸಿ ಹೆದರಿಕೆಗೆ ಸಿನಿಮಾ ಮಂದಿ ಇಂದಿಗೂ ಆ ಚಿತ್ರದ ನಿರ್ಮಾಪಕರ ಹೆಸರು ಸೇರಿಸಿ 'ಲ್ಯೂಟನ್ ಬಸ್' ಎನ್ನುತ್ತಾರೆ. ಹುಸಿ ಎಂದು ತಿಳಿದ ಕೂಡಲೇ ಸಭಾಂಗಣ ನಗುತ್ತದೆ, ಮೈ ಸಡಿಲವಾಗುತ್ತದೆ. ನಿಜವಾದ ಹೆದರಿಕೆಯ ಪೆಟ್ಟು ಕೊಡಲು ಹದವಾದ ಹೊತ್ತು ಅದೇ. ಆದರೆ ಒಂದು ಚಿತ್ರದಲ್ಲಿ ಹುಸಿ ಹೆದರಿಕೆ ಎರಡು ಬಾರಿ ಬಂದರೆ ಸಾಕು. ಮೂರನೆಯದಕ್ಕೆ ಪ್ರೇಕ್ಷಕ ಬೆಕ್ಕನ್ನೋ ಗಾಳಿಗೆ ಬಡಿದ ಕಿಟಕಿಯನ್ನೋ ಮೊದಲೇ ಊಹಿಸಿ ಕುಳಿತಿರುತ್ತಾನೆ.

ಸಂಕಲನದಲ್ಲಾಗುವ ತಪ್ಪುಗಳು ಸಣ್ಣವು, ಹಾನಿ ದೊಡ್ಡದು. ಜೋರು ಸದ್ದು ಕಿವಿಗೆ ಬಿದ್ದ ಸುಮಾರು 40–50 ಮಿಲಿಸೆಕೆಂಡುಗಳಲ್ಲಿ ಮನುಷ್ಯನ ರೆಪ್ಪೆ ತಾನಾಗಿ ಮುಚ್ಚತೊಡಗುತ್ತದೆ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಒಂದೇ ಫ್ರೇಮು. ಆದ್ದರಿಂದ ಸದ್ದಿನ ಜೊತೆಗೇ ದೆವ್ವದ ಮುಖ ತೋರಿಸಿ ಏಳೆಂಟು ಫ್ರೇಮಿಗೆ ಕತ್ತರಿಸಿದರೆ ಅರ್ಧ ಸಭಾಂಗಣ ಬೆಚ್ಚುತ್ತದೆಯೇ ಹೊರತು ಏನನ್ನೂ ನೋಡಿರುವುದಿಲ್ಲ. ಕನಿಷ್ಠ 14–18 ಫ್ರೇಮು ಬೇಕು. ಹಾಗೆಂದು ಮೂರು ಸೆಕೆಂಡು ನಿಲ್ಲಿಸಿದರೆ ಮೇಕಪ್ಪಿನ ಅಂಟು, ವಿಗ್ಗಿನ ಅಂಚು ಕಾಣತೊಡಗುತ್ತವೆ, ಬೇಡದ ನಗು ಅಲ್ಲಿಂದಲೇ ಏಳುತ್ತದೆ. ಬೆಚ್ಚಿದ ಮೇಲೆ ಜನ ನಗುತ್ತಾರೆ, ಪಕ್ಕದವರ ಕಡೆ ತಿರುಗಿ ಏನೋ ಹೇಳುತ್ತಾರೆ. ಆ ಎರಡು ಮೂರು ಸೆಕೆಂಡುಗಳಲ್ಲಿ ಕಥೆಗೆ ಬೇಕಾದ ಮಾತು ಇಟ್ಟರೆ ಅದು ಯಾರಿಗೂ ಕೇಳಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ಹಿನ್ನೆಲೆ ಸಂಗೀತ. ಹಾಸ್ಯನಟ ಬಾಯಿ ತೆರೆದ ಕೂಡಲೇ 'ಟೊಯ್ಂಯ್' ಎನ್ನುವ ಸದ್ದು, ಜಾರಿದರೆ ಸಿಳ್ಳೆ, ಓಡಿದರೆ ತಮಟೆ. ಪ್ರತಿಯೊಂದು ಸದ್ದೂ ಪ್ರೇಕ್ಷಕನಿಗೆ 'ಭಯಪಡಬೇಡ, ಇದು ತಮಾಷೆ' ಎಂದು ಭರವಸೆ ಕೊಡುತ್ತದೆ. ಇಪ್ಪತ್ತು ನಿಮಿಷ ಹೀಗೆ ಭರವಸೆ ಕೊಟ್ಟು, ಆಮೇಲೆ ಹೆದರು ಎಂದರೆ ಯಾರು ಹೆದರುತ್ತಾರೆ? ಇದರಲ್ಲಿ ಡೆಸಿಬೆಲ್‌ಗಳ ಲೆಕ್ಕವೂ ಇದೆ. ಥಿಯೇಟರಿಗಾಗಿ ಮಿಕ್ಸಿಂಗ್, ಅಂದರೆ ಎಲ್ಲ ಸದ್ದುಗಳನ್ನು ಬೆರೆಸುವ ಕೆಲಸ, ಮಾಡುವಾಗ ಪರದೆಯ ಹಿಂದಿನ ಪ್ರತಿ ಧ್ವನಿ ಚಾನೆಲ್ಲನ್ನು 85 ಡೆಸಿಬೆಲ್‌ಗೆ ಹೊಂದಿಸಿ, ಅದರ ಮೇಲೆ ಇನ್ನೂ 20 ಡೆಸಿಬೆಲ್ ಏರಲು ಜಾಗ ಉಳಿಸಿರುತ್ತಾರೆ. ಹಾಸ್ಯದ ದೃಶ್ಯಗಳೇ ಆ ಜಾಗವನ್ನು ತಿಂದುಹಾಕಿದರೆ ದೆವ್ವ ಬರುವ ಹೊತ್ತಿಗೆ ಏರಲು ಮೆಟ್ಟಿಲೇ ಇರುವುದಿಲ್ಲ. ಹೆದರಿಕೆಯ ಪೆಟ್ಟು ಬೀಳುವ ಮೊದಲಿನ ಆರೇಳು ಸೆಕೆಂಡು ಸಂಗೀತ ತೆಗೆದುಬಿಡಿ, ಆದರೆ ಕೋಣೆಯ ಸಹಜ ಸದ್ದನ್ನು ಉಳಿಸಿ. ಅದನ್ನೂ ಅಳಿಸಿ ಪೂರ್ತಿ ಮೌನ ಮಾಡಿದರೆ ಸ್ಪೀಕರ್ ಕೆಟ್ಟಿತೇನೋ ಎಂದು ಜನ ಹಿಂದೆ ತಿರುಗಿ ನೋಡುತ್ತಾರೆ.

ಬೆಳಕಿನದೂ ಅದೇ ಕಥೆ. ಹಾಸ್ಯಕ್ಕೆ ಬೆಳ್ಳನೆಯ ಸಮ ಬೆಳಕು, ಭಯಕ್ಕೆ ಕತ್ತಲು ಎಂದು ಹಂಚಿಬಿಟ್ಟರೆ, ದೀಪ ಹತ್ತಿದಾಗಲೆಲ್ಲ ಇನ್ನು ದೆವ್ವ ಬರುವುದಿಲ್ಲವೆಂದು ಮಕ್ಕಳಿಗೂ ತಿಳಿಯುತ್ತದೆ. ಇಡೀ ಮನೆಗೆ ಒಂದೇ ಬೆಳಕು ಇಟ್ಟುಕೊಂಡು, ನಟರ ಕಣ್ಣಿಗೆ ಮಾತ್ರ ಸಣ್ಣದೊಂದು ಮಿನುಗು ಕೊಡುವುದು ಮೇಲು. ಕಣ್ಣು ಕಾಣದಿದ್ದರೆ ಹಾಸ್ಯ ಸಾಯುತ್ತದೆ.

ಬರವಣಿಗೆಯ ಹಂತದಲ್ಲಿ ನಾವು ಹಿಡಿಯುವ ಸೂತ್ರ ಇದು: ನಗು ಮನುಷ್ಯರ ಮೇಲಿರಲಿ, ದೆವ್ವದ ಮೇಲೆ ಬೇಡ. ಮೂವರು ಒಂದೇ ಬೀರುವಿನೊಳಗೆ ಅಡಗಿದ್ದಾರೆ, ಹೊರಗೆ ಹೆಜ್ಜೆ ಸದ್ದು. ಆಗಲೂ ಅವರು 'ನನ್ನ ಕಾಲು ತುಳಿಯಬೇಡ', 'ಮುಂಬಾಗಿಲ ಚಿಲಕ ಹಾಕಬೇಕಾಗಿದ್ದವನು ನೀನು' ಎಂದು ಪಿಸುಗುಟ್ಟುತ್ತಾ ಜಗಳವಾಡಿದರೆ ನಗು ಬರುತ್ತದೆ, ಹೊರಗಿನ ಹೆಜ್ಜೆಯ ತೂಕವೂ ಹೆಚ್ಚುತ್ತದೆ. ಅವರ ಭಯ ನಿಜವಾಗಿರುವುದರಿಂದ ಈ ಜಗಳ ದೃಶ್ಯಕ್ಕೆ ಒಪ್ಪುತ್ತದೆ. ಅದರ ಬದಲು ದೆವ್ವವೇ ಬಾಳೆಹಣ್ಣಿನ ಸಿಪ್ಪೆ ಮೆಟ್ಟಿ ಬಿದ್ದರೆ, ಕೊನೆಯ ಅರ್ಧ ಗಂಟೆಯಲ್ಲಿ ಅದಕ್ಕೆ ಎಷ್ಟು ಗ್ರಾಫಿಕ್ಸ್ ಸುರಿದರೂ ವ್ಯರ್ಥ. ದೆವ್ವಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬ ಎರಡು ಮೂರು ನಿಯಮಗಳನ್ನು ಚಿತ್ರಕಥೆಯ ಮೊದಲ ಪುಟದಲ್ಲೇ ಬರೆದಿಟ್ಟು, ಎಂಥ ಒಳ್ಳೆಯ ಜೋಕು ಹೊಳೆದರೂ ಅವನ್ನು ಮುರಿಯಬಾರದು.

ಎರಡು ಚಿತ್ರಗಳು ಇದನ್ನು ಬೇರೆಬೇರೆ ದಾರಿಯಲ್ಲಿ ಮಾಡಿ ತೋರಿಸಿವೆ. 1981ರ 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್'ನಲ್ಲಿ ಸತ್ತ ಗೆಳೆಯ ಮತ್ತೆ ಮತ್ತೆ ಬಂದು ಹರಟುತ್ತಾನೆ. ಮಾತಿನ ಧಾಟಿ ಗೆಳೆತನದ್ದೇ, ಮೈ ಮಾತ್ರ ಪ್ರತಿ ಭೇಟಿಗೂ ಇನ್ನಷ್ಟು ಕೊಳೆತಿರುತ್ತದೆ. ಕಿವಿಗೆ ಹಾಸ್ಯ, ಕಣ್ಣಿಗೆ ಭಯ, ಎರಡೂ ಒಂದೇ ಫ್ರೇಮಿನಲ್ಲಿ. ಆ ಚಿತ್ರದ ಮೇಕಪ್ಪಿಗೆ ರಿಕ್ ಬೇಕರ್ ಅವರಿಗೆ ಆಸ್ಕರ್ ಬಂತು. 2017ರ 'ಗೆಟ್ ಔಟ್' ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. ನಗಿಸುವ ಗೆಳೆಯನನ್ನು ಅದು ಬಹುಪಾಲು ದೂರದ ಊರಲ್ಲಿ, ಫೋನಿನ ಆ ತುದಿಯಲ್ಲಿ ಇಡುತ್ತದೆ. ಅಪಾಯವಿರುವ ಮನೆಯೊಳಗೆ ಅವನ ತಮಾಷೆ ಕಾಲಿಡುವುದಿಲ್ಲ, ಫೋನು ಕಡಿದಾಗ ನಾಯಕನ ಜೊತೆ ನಾವೂ ಒಂಟಿಯಾಗುತ್ತೇವೆ. ಅದರ ನಿರ್ದೇಶಕ ಜೋರ್ಡನ್ ಪೀಲ್ ಅದಕ್ಕೂ ಮೊದಲು ಹೆಸರು ಮಾಡಿದ್ದು ಹಾಸ್ಯದಲ್ಲಿ ಎಂಬುದು ನಮಗೆ ಆಶ್ಚರ್ಯದ ಸಂಗತಿಯಲ್ಲ.

ಬಿಡುಗಡೆಗೆ ಮುನ್ನ ಪರೀಕ್ಷೆ ಮಾಡುವ ತಂಡಗಳಿಗೊಂದು ಕೋರಿಕೆ. ಕಥೆ ಗೊತ್ತಿಲ್ಲದ ಇಪ್ಪತ್ತು ಜನರನ್ನು ಕೂರಿಸಿ, ನೀವು ಪರದೆಯ ಪಕ್ಕದಲ್ಲಿ ಕುಳಿತು ಅವರ ಮುಖ ನೋಡಿ. ಎಲ್ಲೆಲ್ಲಿ ನಕ್ಕರು, ಎಲ್ಲಿ ಮೊಬೈಲ್ ತೆಗೆದರು ಎಂಬುದನ್ನು ಸಮಯ ಸಮೇತ ಬರೆದುಕೊಳ್ಳಿ. ಬೇಡದ ಕಡೆ ನಗು ಬಂದಿದ್ದರೆ ಮೊದಲು ದೆವ್ವದ ಶಾಟನ್ನು ಅರ್ಧಕ್ಕೆ ಇಳಿಸಿ, ಅದನ್ನು ನೋಡುತ್ತಿರುವವರ ಮುಖಕ್ಕೆ ಆ ಸಮಯ ಕೊಡಿ. ಬಹಳಷ್ಟು ಸಲ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಅದಕ್ಕೆ ಹಿಂದಿನ ಹಾಸ್ಯದ ದೃಶ್ಯದ ಸಂಗೀತ ತೆಗೆದು ಇನ್ನೊಮ್ಮೆ ತೋರಿಸಿ.

ತಮ್ಮ ಪತ್ರಿಕೆಯ ವಿಮರ್ಶಕರು ಮುಂದೆ ಇಂಥ ಚಿತ್ರ ನೋಡಿದಾಗ, ಅದು ಯಾವ ದೃಶ್ಯದವರೆಗೆ ಹಿಡಿದಿಟ್ಟಿತು, ಯಾವ ಸದ್ದಿಗೆ ಅಥವಾ ಯಾವ ಜೋಕಿಗೆ ಕೈಬಿಟ್ಟಿತು ಎಂದು ಒಂದೆರಡು ಸಾಲು ಬರೆದರೆ, ಮುಂದಿನ ಚಿತ್ರ ಮಾಡುವವರಿಗೆ ಅದು ಕೆಲಸಕ್ಕೆ ಬರುತ್ತದೆ.

ಇತಿ,
ಚಿತ್ರ ಸಂಕಲನ ಮತ್ತು ಧ್ವನಿ ವಿಭಾಗದ ಕೆಲವು ಕೆಲಸಗಾರರು