57 ಗ್ರಾಂ ಮಣ್ಣಿನ ವಿಷಯ

ಪ್ರೀತಿಯ ಮಾಣಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಬಂತು. ಮನೆಯ ವಿಷಯ, ಅಣ್ಣನ ವಿಷಯ ಇಲ್ಲಿ ಎತ್ತುವುದಿಲ್ಲ. ಅದೆಲ್ಲ ನಿನಗೂ ಗೊತ್ತು, ನನಗೂ ಗೊತ್ತು. ಆದರೆ ಕೊನೆಗೆ, ಹೆಸರು ಬರೆಯುವ ಮುಂಚೆ ಒಂದು ಸಾಲು ಸೇರಿಸಿದ್ದೀಯಲ್ಲ: "ಅಡಿಕೆ ತೋಟದಿಂದ ವರ್ಷಾವರ್ಷ ತೆಗೀತಾನೇ ಇದ್ದೇವೆ ಅತ್ತೆ, ಒಂದು ದಿನ ಮಣ್ಣು ಖಾಲಿ ಆಗಿಬಿಟ್ಟರೆ?" ಅದು ನನ್ನನ್ನು ಬಿಡುತ್ತಿಲ್ಲ. ನಿನ್ನೆ ರಾತ್ರಿ ಎರಡು ಗಂಟೆಗೆ ಎದ್ದು ನೀರು ಕುಡಿದು, ಮತ್ತೆ ಅದನ್ನೇ ಓದಿದೆ.

ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಉತ್ತರ ಬಾಯಿಗೆ ಬರಬೇಕಿತ್ತು. ಬರಲಿಲ್ಲ.

ನಾನು ಪ್ರತಿ ವರ್ಷ ಹೇಳುತ್ತಿದ್ದ ಒಂದು ಕಥೆಯಿದೆ. ಬ್ರಸೆಲ್ಸ್ ಕಡೆಯ ವಾನ್ ಹೆಲ್ಮಾಂಟ್ ಎಂಬಾತ ಒಂದು ಕುಂಡಕ್ಕೆ ಸುಮಾರು 90 ಕೆಜಿ ಒಣ ಮಣ್ಣು ತೂಗಿ ಹಾಕಿದ. ಎರಡೂಕಾಲು ಕೆಜಿಯ ಒಂದು ವಿಲೋ ಗಿಡ ನೆಟ್ಟ. ಐದು ವರ್ಷ ಬರೀ ನೀರು ಹೊಯ್ದ. ಆಮೇಲೆ ತೂಗಿದರೆ ಗಿಡ 76 ಕೆಜಿ ದಾಟಿತ್ತು. ಮಣ್ಣು ಕಡಿಮೆಯಾದದ್ದು 57 ಗ್ರಾಂ ಅಷ್ಟೇ. ಅವನು ಸತ್ತ ಮೇಲೆ, 1648ರಲ್ಲಿ, ಇದು ಪುಸ್ತಕದಲ್ಲಿ ಬಂತು. ಮರವೆಲ್ಲ ನೀರಿನಿಂದಲೇ ಆದದ್ದು ಅಂತ ಅವನ ತೀರ್ಮಾನ. ಪಾಪ, ಗಾಳಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ನಾಲ್ಕೇ ಪಾಲು ಇರುವ ಇಂಗಾಲದ ಡೈಆಕ್ಸೈಡನ್ನು ಎಲೆ ಹೆಕ್ಕಿಕೊಳ್ಳುತ್ತದೆ, ನೀರಿನ ಜೊತೆ ಸೇರಿಸಿ ಬಿಸಿಲಿನಲ್ಲಿ ಸಕ್ಕರೆ ಮಾಡುತ್ತದೆ. ಕಾಂಡ, ಸೋಗೆ, ಕಾಯಿ ಎಲ್ಲ ಅದರಿಂದಲೇ. ನಮ್ಮ ಅಡಿಕೆ ಮರವೂ ಹಾಗೇ. ನೀನು ಮಂಡಿಗೆ ಕಳಿಸುವ ಚೀಲದಲ್ಲಿ ತುಂಬಿರುವುದು ಹೆಚ್ಚಾಗಿ ಗಾಳಿ ಮತ್ತು ನೀರು. ಮಣ್ಣಿನದು ಚಿಟಿಕೆ.

ಇಷ್ಟು ಬರೆದು ನಿನಗೆ ಸಮಾಧಾನ ಹೇಳಿ ಮುಗಿಸಬಹುದಿತ್ತು. ಕ್ಲಾಸಿನಲ್ಲೂ ಇಲ್ಲಿಗೇ ಮುಗಿಸುತ್ತಿದ್ದೆ. "ಬರೀ 57 ಗ್ರಾಂ ಮಕ್ಕಳೇ!" ಅನ್ನುತ್ತಿದ್ದೆ. ಆ 57 ಗ್ರಾಂನಲ್ಲಿ ಏನಿತ್ತು ಅಂತ ಒಬ್ಬ ಹುಡುಗನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಾರಜನಕ, ರಂಜಕ (ಫಾಸ್ಫರಸ್), ಪೊಟ್ಯಾಷಿನಂಥ ಮಣ್ಣಿನ ಸಾರ ಅದು. ನೀನು ಹೆದರಿರುವುದು ಅದರ ಬಗ್ಗೆಯೇ ಅಲ್ವಾ?

ನಾನು ಡಿಗ್ರಿ ಮುಗಿಸಿ ಮನೆಗೆ ಬಂದ ವರ್ಷದ ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಕೊಟ್ಟಿಗೆಯಲ್ಲಿ ಹನ್ನೊಂದು ದನ. ಆಯಿ ಬೆಳಿಗ್ಗೆ ಎದ್ದರೆ ಸಗಣಿ ಬಾಚುವುದು, ಸೊಪ್ಪು ಹಾಸುವುದು, ಅದರಲ್ಲೇ ಸೊಂಟ ಹೋಯಿತು. ನಾನು ಅಪ್ಪಯ್ಯನಿಗೆ ಲೆಕ್ಕ ಹಾಕಿ ತೋರಿಸಿದೆ. ಶಿಫಾರಸಿನ ಪ್ರಕಾರ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಸಾಕು. ಚೀಲದಲ್ಲಿ ಸಿಗುತ್ತದೆ, ಈ ಸಗಣಿ-ಸೊಪ್ಪಿನ ರಾಮಾಯಣ ಯಾಕೆ ಅಂದೆ. ಓದಿದ ಮಗಳು ಹೇಳಿದಳು ಅಂತ ಅವರು ದನ ಮಾರಿದರು. ಎರಡು ಉಳಿದವು.

ಮೂರ್ನಾಲ್ಕು ವರ್ಷ ಫಸಲು ಚೆನ್ನಾಗಿಯೇ ಬಂತು. ಆಮೇಲೊಂದು ದಿನ ನಾನು ರಜೆಗೆ ಬಂದಾಗ ಅಪ್ಪಯ್ಯ ತೋಟದಲ್ಲಿ ನಿಂತು, "ಗುದ್ದಲಿ ಇಳೀತಾ ಇಲ್ಲ ಕೂಸೇ" ಅಂದರು. ಅಷ್ಟೇ. ಬೈಯಲಿಲ್ಲ. ಮಳೆ ಬಂದರೆ ಬಸಿಗಾಲುವೆಯಲ್ಲಿ ಕೆಂಪು ನೀರು. ಒಂದು ಎರೆಹುಳ ಇಲ್ಲ. ಚೀಲದ ಗೊಬ್ಬರ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಮರಕ್ಕೆ ಸಾರಜನಕ ಯೂರಿಯಾದಿಂದ ಬಂದರೂ ಒಂದೇ, ಸಗಣಿಯಿಂದ ಬಂದರೂ ಒಂದೇ. ಆದರೆ ಅದೇ ಶಿಫಾರಸಿನಲ್ಲಿ ಮರಕ್ಕೆ 12 ಕೆಜಿ ಹಸಿರು ಸೊಪ್ಪು, 12 ಕೆಜಿ ಕೊಟ್ಟಿಗೆ ಗೊಬ್ಬರ ಅಂತಲೂ ಇತ್ತು. ನಾನು ಆ ಸಾಲು ಬಿಟ್ಟಿದ್ದೆ. ಸೊಪ್ಪು ಕೊಳೆತು ಮಣ್ಣಿನಲ್ಲಿ ಸೇರಿದರೆ ತಾನೇ ಅದು ಹಾಕಿದ್ದನ್ನು ಹಿಡಿದಿಟ್ಟುಕೊಳ್ಳುವುದು? ಇಲ್ಲದಿದ್ದರೆ ನಮ್ಮ ಮಳೆಗೆ ಪೊಟ್ಯಾಷ್ ನಿಲ್ಲುತ್ತದೆಯೇ?

ಹಾಗಾಗಿ ಮಣ್ಣು ಖಾಲಿಯಾಗುತ್ತದೆಯೇ ಅಂದರೆ, ಆಗುತ್ತದೆ ಮಾಣಿ. ನಾನು ನೋಡಿದ್ದೇನೆ. ಆದರೆ ಅದನ್ನು ಖಾಲಿ ಮಾಡಿದ್ದು ಅಡಿಕೆ ಅಲ್ಲ.

ಅಡಿಕೆ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆ. ಮಂಡಿಗೆ ಹೋಗುವುದು ಒಳಗಿನದ್ದು ಮಾತ್ರ. ಸಿಪ್ಪೆ, ಸೋಗೆ, ಹಾಳೆ ಎಲ್ಲ ಮನೆಯಲ್ಲೇ ಉಳಿಯುತ್ತದೆ. ಕಳೆದ ಸಲ ಬಂದಾಗ ರಸ್ತೆ ಪಕ್ಕ ಸಿಪ್ಪೆ ಗುಡ್ಡೆಗೆ ಬೆಂಕಿ ಹಾಕಿದ್ದು ನೋಡಿದೆ. ನಮ್ಮದೋ ಪಕ್ಕದ ಮನೆಯದೋ, ಕೇಳಲಿಲ್ಲ. ಇಂಗಾಲ ಗಾಳಿಗೆ ಹೋದರೆ ಹೋಗಲಿ, ಎಲೆ ಮತ್ತೆ ಹಿಡಿಯುತ್ತದೆ. ಸಾರಜನಕವೂ ಹೊಗೆಯಲ್ಲಿ ಹೋಯಿತು. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ, ಅದನ್ನು ಮೊದಲ ಮಳೆ ಹಳ್ಳಕ್ಕೆ ಒಯ್ಯುತ್ತದೆ. ಆಯಿ ಬಚ್ಚಲ ಒಲೆಯ ಬೂದಿ ತಪ್ಪದೆ ಬಾಳೆ ಬುಡಕ್ಕೆ ಹಾಕುತ್ತಿದ್ದಳು. ಅವಳಿಗೆ ಪೊಟ್ಯಾಷ್ ಅನ್ನುವ ಶಬ್ದ ಗೊತ್ತಿರಲಿಲ್ಲ.

ಸಿಪ್ಪೆ ಸುಡಬೇಡ. ನಿನಗೆ ಆಳಿನ ಕಷ್ಟ ಇದೆ, ಗೊತ್ತು. ಆದರೂ ಒಂದು ಮೂಲೆಯಲ್ಲಿ ರಾಶಿ ಹಾಕಿ, ಗೋಬರ್ ಗ್ಯಾಸ್ ಗುಂಡಿಯಿಂದ ಹೊರಬರುವ ಸಗಣಿ ಸ್ಲರಿ ಹೊಯ್ದು ಬಿಡು. ಕೊಳೆಯಲು ತುಂಬಾ ಸಮಯ ಹಿಡಿಯುತ್ತದೆ, ಬೇಸರ ಮಾಡಬೇಡ.

ಸ್ಲರಿ ಅಂದಾಗ ನೆನಪಾಯಿತು. ಹಿತ್ತಿಲಿನ ಗೋಬರ್ ಗ್ಯಾಸ್ ಗುಂಡಿ ಪಾಠಕ್ಕೆ ಎಷ್ಟು ಒಳ್ಳೆಯ ಉದಾಹರಣೆ, ನಾನು ಒಮ್ಮೆಯೂ ಬಳಸಲಿಲ್ಲ ನೋಡು! ಹುಲ್ಲಿನಲ್ಲಿ ಉಳಿದಿದ್ದ ಬಿಸಿಲು ಒಲೆಯಲ್ಲಿ ನೀಲಿ ಉರಿಯಾಗಿ ಹೋಗುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಮಾತ್ರ ಸ್ಲರಿಯಲ್ಲೇ ಕೂತಿರುತ್ತವೆ. ಚಹಾ ಕಾಸಿಯೂ ಆಯಿತು, ಗೊಬ್ಬರವೂ ಉಳಿಯಿತು. ದನದ ಮೈ ಬಿಸಿ, ಗೊಬ್ಬರ ಗುಂಡಿಯಿಂದ ಚಳಿಗಾಲದ ಬೆಳಿಗ್ಗೆ ಏಳುವ ಹಬೆ, ಅದೆಲ್ಲ ಬಿಸಿಲಿನ ಪಾಲು. ಹೋದದ್ದು ವಾಪಸ್ ಬರುವುದಿಲ್ಲ. ಅದಕ್ಕೆ ಚಿಂತೆ ಬೇಡ, ನಾಳೆ ಹೊಸದು ಬರುತ್ತದೆ. ವಾಪಸ್ ಬರಬೇಕಾದದ್ದು ಆ ಚಿಟಿಕೆ. ಅದು ತಾನಾಗಿ ಬರುವುದಿಲ್ಲ, ಯಾರಾದರೂ ಹೊತ್ತು ತರಬೇಕು.

ನಿನ್ನ ಮಾತಿನಲ್ಲಿ ನನಗೆ ನಿಜಕ್ಕೂ ಚುಚ್ಚಿದ್ದು ಬೇರೆ. ನಮ್ಮ ತೋಟ ನೂರಾರು ವರ್ಷದಿಂದ ತನ್ನಷ್ಟಕ್ಕೆ ತಾನು ಬದುಕಿದೆ ಅಂತ ನಾವು ಹೆಮ್ಮೆಪಡುತ್ತೇವೆ. ಬ್ರಿಟಿಷರ ಕಾಲದಲ್ಲೇ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರಲು ಕಾಡು, ಕೊಟ್ಟಿದ್ದರು. ಒಂಬತ್ತು ಎಕರೆಯ ಚಿಟಿಕೆ ಚಿಟಿಕೆಯನ್ನು ಹೊತ್ತು ತಂದು ಒಂದು ಎಕರೆಗೆ ಹಾಕಿದೆವು. ತೋಟ ತುಂಬಿತು. ಬೆಟ್ಟಕ್ಕೆ ಯಾರು ತಂದು ಹಾಕಿದರು? ನಮ್ಮ ಬೆಟ್ಟದ ಮತ್ತಿ ಮರಗಳು ಕೈ ಕಡಿದ ಹಾಗೆ ನಿಂತಿವೆಯಲ್ಲ, ಅದು ನೆನಪಾದರೆ ನಿದ್ದೆ ಬರುವುದಿಲ್ಲ.

ಸಾಧ್ಯವಾದರೆ ಹಸಿ ಸೊಪ್ಪು ಕಡಿಯುವುದು ಕಡಿಮೆ ಮಾಡಿ ದರಕು, ಉದುರಿದ ಒಣ ಎಲೆ, ಜಾಸ್ತಿ ಗುಡಿಸಿ ತಾ. ಮರ ಎಲೆ ಉದುರಿಸುವ ಮೊದಲು ಅದರಲ್ಲಿನ ಸಾರಜನಕ, ರಂಜಕವನ್ನು ಬಹಳಷ್ಟು ಒಳಗೆ ಎಳೆದುಕೊಂಡಿರುತ್ತದೆ. ಹಸಿರಾಗಿರುವಾಗ ಕಡಿದರೆ ಅದರ ಗಂಟನ್ನೇ ಕದ್ದ ಹಾಗೆ. ದರಕನ್ನೂ ಪೂರ್ತಿ ಗುಡಿಸಬೇಡ. ತೋಟಕ್ಕೆ ಕಡಿಮೆ ಬೀಳುತ್ತದೆ ಅನ್ನುತ್ತೀಯ, ಹೌದು, ಬೀಳುತ್ತದೆ. ಅದನ್ನು ಚೀಲದಿಂದ ತುಂಬಿಸು. ಈ ಮಾತು ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳಿದೆ. ಮೊದಲು ಮಣ್ಣು ಪರೀಕ್ಷೆ ಮಾಡಿಸು. ನಾನು ಅಪ್ಪಯ್ಯನಿಗೆ ಅದನ್ನೂ ಮಾಡಿಸಿರಲಿಲ್ಲ.

ಮತ್ತೆ ಆ ಸಾಲು ಓದಿದೆ. "ಖಾಲಿ ಆಗಿಬಿಟ್ಟರೆ" ಅಂತ ಬರೆದಲ್ಲಿ ಪೆನ್ನು ಒತ್ತಿ ಕಾಗದ ಹರಿದಿದೆ. ಮಣ್ಣಿನ ಬಗ್ಗೆ ಮಾತ್ರ ಬರೆದದ್ದೋ? ಹೇಳಬೇಕು ಅನಿಸಿದರೆ ಹೇಳು, ಇಲ್ಲದಿದ್ದರೆ ಬೇಡ. ರಾತ್ರಿ ಸರಿಯಾಗಿ ಊಟ ಮಾಡುತ್ತೀಯಾ?

ದೀಪಾವಳಿಗೆ ಬರುತ್ತೇನೆ. ಅದರೊಳಗೆ ಒಂದು ಕೆಲಸ ಮಾಡು. ಮಳೆ ನಿಂತ ಮೇಲೆ ಬಾವಿ ಪಕ್ಕದ ಮರದ ಬುಡದಲ್ಲಿ, ಅಪ್ಪಯ್ಯ ನಿಂತಿದ್ದ ಜಾಗದಲ್ಲಿ, ಒಂದು ಗುದ್ದಲಿ ಮಣ್ಣು ಎತ್ತಿ ಎಷ್ಟು ಎರೆಹುಳ ಇವೆ ಎಣಿಸಿ ಬರೆ.

ನಿನ್ನ
ಅತ್ತೆ