ಮೊದಲ ಮನೆ: ಸಾಲದ ಲೆಕ್ಕ ಮೊದಲಾಗಲಿ

ಮಾನ್ಯ ಸಂಪಾದಕರೇ,

ಮೊದಲ ಬಾರಿಗೆ ಮನೆ ಕೊಳ್ಳಲು ಹೊರಟವರು ಗೋಡೆಯ ಬಣ್ಣ, ಅಡುಗೆಮನೆಯ ಅಳತೆಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿ, ಸಾಲದ ಕರಾರುಪತ್ರಕ್ಕೆ ಮಾತ್ರ ಪೂರ್ತಿ ಓದದೆಯೇ ಸಹಿ ಹಾಕುವುದನ್ನು ಹಲವು ಬಾರಿ ಕಂಡಿದ್ದೇನೆ. ವಾರ್ಷಿಕ ಶೇ 9ರ ಬಡ್ಡಿಗೆ 20 ವರ್ಷಗಳ ಸಾಲ ಪಡೆದರೆ ಕಟ್ಟಬೇಕಾದ ಒಟ್ಟು ಬಡ್ಡಿಯೇ ಅಸಲನ್ನು ಮೀರುತ್ತದೆ. ಮೊದಲ ಕಂತಿನ ಶೇ 80ಕ್ಕಿಂತ ಹೆಚ್ಚು ಭಾಗ ಬಡ್ಡಿಗೇ ಸಲ್ಲುತ್ತದೆ. ಅವಧಿಯನ್ನು 15 ವರ್ಷಗಳಿಗೆ ಇಳಿಸಿದರೆ ಮಾಸಿಕ ಕಂತು ಸುಮಾರು ಶೇ 13ರಷ್ಟು ಏರುತ್ತದೆಯಾದರೂ, ಒಟ್ಟು ಬಡ್ಡಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯವಾಗುತ್ತದೆ. ಬ್ಯಾಂಕು ಕೊಡಲೊಪ್ಪುವ ಮೊತ್ತವೇ ನಾವು ಹೊರಬಲ್ಲ ಮೊತ್ತವೆಂದು ಭಾವಿಸುವುದು, ನನ್ನ ಅಭಿಪ್ರಾಯದಲ್ಲಿ, ಎಲ್ಲಕ್ಕಿಂತ ದೊಡ್ಡ ತಪ್ಪು. ಬಡ್ಡಿದರ ಬದಲಾಗುವಂಥ ಸಾಲವಾಗಿದ್ದಲ್ಲಿ, ದರ ಶೇ 11ಕ್ಕೆ ಏರಿದರೂ, ಮನೆಯಲ್ಲಿ ದುಡಿಯುವ ಇಬ್ಬರಲ್ಲಿ ಒಬ್ಬರ ಸಂಬಳ ಕೆಲವು ತಿಂಗಳು ನಿಂತರೂ ಕಂತು ಕಟ್ಟಲು ಸಾಧ್ಯವೇ ಎಂದು ಮುಂಗಡ ಕೊಡುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು. ನೋಂದಣಿ, ವಿಮೆ, ದುರಸ್ತಿಯ ವೆಚ್ಚಗಳೂ ಆ ಲೆಕ್ಕದಲ್ಲಿರಲಿ. ಮನೆ ಮಾರುವವರು ಸೂಚಿಸಿದ ವಕೀಲರ ಬದಲು ತಾವೇ ನೇಮಿಸಿಕೊಂಡ ವಕೀಲರಿಂದ ಮನೆಯ ದಾಖಲೆಗಳನ್ನು ಪರಿಶೀಲಿಸಿಕೊಳ್ಳುವುದು ಕ್ಷೇಮ. ಕೊಳ್ಳಲಿರುವ ಮನೆಯನ್ನು ಒಮ್ಮೆ ಜೋರು ಮಳೆಯಲ್ಲೂ ನೋಡಿ ಬರಬೇಕು. ಸೋರುವ ಚಾವಣಿಯನ್ನು ಹೊಸ ಬಣ್ಣ ಬಿಸಿಲಿನಲ್ಲಿ ಮಾತ್ರ ಮರೆಮಾಚಬಲ್ಲದು.

ಇತಿ,
ಒಬ್ಬ ಓದುಗ