ಕೂಪರ್ಟಿನೋಗೆ ಬರುತ್ತಿರುವ ಹಿರಿಯರಿಗಾಗಿ

ಎಲ್ಲರಿಗೂ ನಮಸ್ಕಾರ. ಊರಿಂದ ಬರುವ ಅಪ್ಪ-ಅಮ್ಮಂದಿರಿಗೆ ನಮ್ಮ ಕೂಪರ್ಟಿನೋ (ಅಮೆರಿಕದ ಕ್ಯಾಲಿಫೋರ್ನಿಯಾದ ನಗರ) ಬಗ್ಗೆ ಏನು ಹೇಳೋದು ಅಂತ ಕೆಲವರು ಕೇಳಿದ್ರಿ. ಇದನ್ನೇ ಫಾರ್ವರ್ಡ್ ಮಾಡಿ.

ಆಪಲ್ ಕಂಪನಿ ಇಲ್ಲಿಗೆ ಬರುವ ಮುಂಚೆ ಇದ್ದದ್ದು ತೋಟಗಳು. ಮೊದಲು ದ್ರಾಕ್ಷಿ, 19ನೇ ಶತಮಾನದ ಕೊನೆಗೆ ಬಳ್ಳಿಗೆ ರೋಗ ಬಿದ್ದ ಮೇಲೆ ಪ್ಲಮ್, ಏಪ್ರಿಕಾಟ್, ಚೆರ್ರಿ. ಎರಡನೇ ಮಹಾಯುದ್ಧದ ನಂತರ ಸ್ಯಾನ್ ಹೊಸೆ, ಸನಿವೇಲ್ ನಗರಗಳು ಅಕ್ಕಪಕ್ಕದ ಜಮೀನನ್ನು ಒಂದೊಂದಾಗಿ ಸೇರಿಸಿಕೊಳ್ಳತೊಡಗಿದವು. ನಮ್ಮದೂ ಹೋದೀತು ಅಂತ ಇಲ್ಲಿಯವರು 1955ರಲ್ಲಿ ತಾವೇ ನಗರ ಮಾಡಿಕೊಂಡರು. ಜಾಣರೇ!

ಪಶ್ಚಿಮಕ್ಕೆ ಸಾಂಟಾ ಕ್ರೂಜ್ ಬೆಟ್ಟಸಾಲು. ಸ್ಟೀವನ್ಸ್ ಕ್ರೀಕ್ ಹೊಳೆ ಅಲ್ಲಿಂದಲೇ ಇಳಿದು ಬರುತ್ತದೆ. ಮಳೆ ಚಳಿಗಾಲದಲ್ಲಿ, ಆದ್ದರಿಂದ ಬೇಸಿಗೆಯಲ್ಲಿ ಬೆಟ್ಟ ಒಣಗಿ ಹಳದಿಯಾಗಿರುತ್ತೆ, ಹಸಿರು ಹುಡುಕಬೇಡಿ.

2020ರ ಜನಗಣತಿಯಲ್ಲಿ ಜನಸಂಖ್ಯೆ 60,381. ಮೂರರಲ್ಲಿ ಎರಡು ಪಾಲು ಏಷ್ಯಾ ಮೂಲದವರು, ಹೆಚ್ಚಾಗಿ ಚೀನೀಯರು ಮತ್ತು ನಮ್ಮ ಭಾರತೀಯರು. ಶಾಲೆಗಳಿಗಾಗಿಯೇ ಎಷ್ಟೋ ಜನ ಇಲ್ಲಿಗೆ ಬರೋದು. ಮನೆ ಬೆಲೆಯನ್ನು ಮಾತ್ರ ರೂಪಾಯಿಗೆ ಪರಿವರ್ತಿಸಿ ಹೇಳಬೇಡಿ, ಊಟ ಸೇರಲ್ಲ ಅವರಿಗೆ.

ಆಪಲ್ ಪಾರ್ಕ್ (ಕಂಪನಿಯ ಮುಖ್ಯ ಕಚೇರಿ) ಒಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಎದುರಿನ ವಿಸಿಟರ್ ಸೆಂಟರ್‌ಗೆ ಕರೆದುಕೊಂಡು ಹೋಗಿ, ಮಹಡಿ ಮೇಲಿಂದ ಸ್ವಲ್ಪ ಕಾಣುತ್ತೆ.